ವಿದ್ಯಾರ್ಥಿಗಳಿಗೆ ಕ್ರೆಡಿಟ್ ಕಾರ್ಡ್ ಕಲಿಸುವುದು ಹೇಗೆ: ಮೊದಲು ಬಿಲ್ಲು, ಆಮೇಲೆ ಕಾರ್ಡು

ಡಿಗ್ರಿ ಕೊನೆ ವರ್ಷದ ಮಕ್ಕಳಿಗೆ ಕ್ರೆಡಿಟ್ ಕಾರ್ಡ್ ಬಗ್ಗೆ ಸಿಗುವ ಬುದ್ಧಿಮಾತು ಎರಡೇ ಬಗೆ. ಮನೆಯಲ್ಲಿ "ಅದರ ಸಹವಾಸವೇ ಬೇಡ" ಅನ್ನುತ್ತಾರೆ. ಮೊಬೈಲಿನಲ್ಲಿ ನೋಡುವ ವಿಡಿಯೋಗಳಲ್ಲಿ "ಈ ಕಾರ್ಡ್ ತಗೊಳ್ಳಿ, ಇಷ್ಟು ಪಾಯಿಂಟ್ ಬರುತ್ತೆ" ಅನ್ನುತ್ತಾರೆ. ಬಿಲ್ ಓದುವುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಹುಡುಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಬ್ಯಾಂಕಿನಿಂದ ಫೋನ್ ಬರುತ್ತದೆ. ಅವನು ಹೂಂ ಅನ್ನುತ್ತಾನೆ. ಅಲ್ಲಿಂದ ಮುಂದಿನದು ಗೊತ್ತೇ ಇದೆ ಅಲ್ವಾ?

ಈ ಬರಹ ತುಮಕೂರಿನ ಕಡೆ ಪಿಯುಸಿ, ಡಿಗ್ರಿ, ಡಿಪ್ಲೊಮಾ ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರುಗಳಿಗೆ. ಹಾಸ್ಟೆಲಿನಲ್ಲಿ ಮಗಳನ್ನು ಬಿಟ್ಟಿರುವ ಅಪ್ಪ ಅಮ್ಮನಿಗೂ ಆದೀತು. ಒಂದೇ ದಿನ ಎಲ್ಲ ಹೇಳಿ ಮುಗಿಸಬೇಡಿ. ವಾರಕ್ಕೊಂದು ಹಂತ ಸಾಕು. ಇಲ್ಲಿರುವ ಕ್ರಮವನ್ನು ಮಾತ್ರ ಬದಲಿಸಬೇಡಿ, ಕಾರ್ಡ್ ಕೈಗೆ ಬರುವುದು ನಾಲ್ಕನೇ ಹಂತದಲ್ಲೇ.

ಹಂತ 1: ಒಂದು ತಿಂಗಳ ಖರ್ಚು ಬರೆಸಿ

ಇದು ಬೇಗ ಮುಗಿಯುವ ಕೆಲಸ. ಫೋನ್‌ಪೇ, ಗೂಗಲ್‌ಪೇಯಲ್ಲಿ ಹೋದ ತಿಂಗಳ ಲೆಕ್ಕ ಹೇಗೂ ಇರುತ್ತದೆ. ತೆಗೆದು ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಮಾಡಿ ಬರೆಯಲಿ: ಊಟ ತಿಂಡಿ, ಓಡಾಟ, ರೀಚಾರ್ಜ್, ಉಳಿದದ್ದು. "ಉಳಿದದ್ದು" ಅನ್ನುವ ಸಾಲೇ ಎಲ್ಲರದ್ದೂ ಉದ್ದ ಇರುತ್ತದೆ. ಬೈಯಬೇಡಿ, ಬೈದರೆ ಮುಂದಿನ ವಾರ ಸುಳ್ಳು ಲೆಕ್ಕ ಬರುತ್ತದೆ. ತಿಂಗಳಿಗೆ ತನ್ನ ಕೈಯಿಂದ ಎಷ್ಟು ಹೋಗುತ್ತದೆ ಅಂತ ಪ್ರತಿಯೊಬ್ಬರಿಗೂ ಒಂದು ಅಂಕಿ ಗೊತ್ತಾದರೆ ಸಾಕು.

ಹಂತ 2: ಬಡ್ಡಿಯನ್ನು ಊರಿನ ಲೆಕ್ಕದಲ್ಲಿ ಹೇಳಿ

ಇಲ್ಲಿ ನಿಧಾನ ಮಾಡಿ. ಇಡೀ ಪಾಠದ ಜೀವ ಇಲ್ಲಿದೆ.

ಪಾವಗಡ, ಮಧುಗಿರಿ, ಶಿರಾ ಕಡೆಯಿಂದ ಬಂದ ಮಕ್ಕಳಿಗೆ ಸಾಲ ಅಂದರೆ ಏನು ಅಂತ ನಾವು ಕಲಿಸಬೇಕಾಗಿಲ್ಲ. ಬೋರ್‌ವೆಲ್‌ಗೆ, ಅಕ್ಕನ ಮದುವೆಗೆ ಮನೆಯಲ್ಲಿ ಕೈಸಾಲ ಮಾಡಿದ್ದನ್ನು ನೋಡಿರುತ್ತಾರೆ. "ಮೂರು ರೂಪಾಯಿ ಬಡ್ಡಿ" ಅಂದರೆ ನೂರು ರೂಪಾಯಿಗೆ ತಿಂಗಳಿಗೆ ಮೂರು ರೂಪಾಯಿ, ಅದು ದುಬಾರಿ ಸಾಲ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ಈಗ ಬೋರ್ಡಿನ ಮೇಲೆ ಬರೆಯಿರಿ: ಬಾಕಿ ಉಳಿಸಿಕೊಂಡರೆ ನಮ್ಮ ದೇಶದಲ್ಲಿ ಹೆಚ್ಚಿನ ಕ್ರೆಡಿಟ್ ಕಾರ್ಡ್‌ಗಳ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರರಿಂದ ಮೂರೂಮುಕ್ಕಾಲು ರೂಪಾಯಿ. ವರ್ಷಕ್ಕೆ 36ರಿಂದ 45. ಅದರ ಮೇಲೆ ಬಡ್ಡಿಗೇ 18 ಪರ್ಸೆಂಟ್ ಜಿಎಸ್‌ಟಿ. ಊರಿನ ಕೈಸಾಲಕ್ಕೆ ಜಿಎಸ್‌ಟಿಯಾದರೂ ಇರುವುದಿಲ್ಲ! ಕ್ಲಾಸು ಒಂದು ಗಳಿಗೆ ಸುಮ್ಮನಾಗುತ್ತದೆ. ಎಸಿ ಆಫೀಸಿನಿಂದ ಬರುವ ಸಾಲ ಇಷ್ಟು ದುಬಾರಿ ಇರಬಹುದು ಅಂತ ಅವರು ಅಂದುಕೊಂಡೇ ಇರುವುದಿಲ್ಲ.

ಈ ಬಡ್ಡಿಗೆ ಮೇಲ್ಮಿತಿ ಇಲ್ಲವಾ ಅಂತ ಯಾರಾದರೂ ಕೇಳೇ ಕೇಳುತ್ತಾರೆ. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ವರ್ಷಕ್ಕೆ 30 ಪರ್ಸೆಂಟ್‌ಗಿಂತ ಜಾಸ್ತಿ ಬಡ್ಡಿ ಹಾಕುವಂತಿಲ್ಲ ಅಂದಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತೆಗೆದುಹಾಕಿತು. ಹಾಗಾಗಿ ಕಾಪಾಡಿಕೊಳ್ಳುವ ಕೆಲಸ ಕಾರ್ಡ್ ಹಿಡಿದವರದ್ದೇ.

ಈಗ ಲೆಕ್ಕ ಮಾಡಿಸಿ. ಒಬ್ಬ ಹುಡುಗ 20,000 ರೂಪಾಯಿ ಫೋನ್ ತಗೊಂಡ. ಬಡ್ಡಿ ತಿಂಗಳಿಗೆ ಮೂರೂವರೆ. ಅವನು ಹೊಸದೇನೂ ಕೊಳ್ಳದೆ ತಿಂಗಳಿಗೆ 1,000 ಕಟ್ಟುತ್ತಾ ಹೋಗುತ್ತಾನೆ. ಮೊದಲ ತಿಂಗಳ ಬಡ್ಡಿ 700, ಅದಕ್ಕೆ ಜಿಎಸ್‌ಟಿ 126, ಒಟ್ಟು 826. ಅಂದರೆ ಸಾವಿರ ಕಟ್ಟಿದರೂ ಅಸಲಿಗೆ ಸೇರಿದ್ದು 174 ರೂಪಾಯಿ. ಹೀಗೇ ಹೋದರೆ ಸಾಲ ತೀರಲು 44 ಕಂತು ಬೇಕು. ಮೂರೂವರೆ ವರ್ಷಕ್ಕೂ ಜಾಸ್ತಿ! ಕಟ್ಟಿದ ಹಣ 43,000 ದಾಟುತ್ತದೆ. ಅಷ್ಟು ಹೊತ್ತಿಗೆ ಆ ಫೋನಿನ ಗಾಜು ಒಡೆದು, ಬ್ಯಾಟರಿ ಹೋಗಿ, ಇನ್ನೊಂದು ಫೋನ್ ಬಂದಿರುತ್ತದೆ.

ಇದೇ ಹುಡುಗ 1,000ದ ಬದಲು 2,000 ಕಟ್ಟಿದರೆ? 14 ಕಂತಿಗೆ ಮುಗಿಯುತ್ತದೆ, ಒಟ್ಟು 26,000ದ ಚಿಲ್ಲರೆ. ಕಂತು ಎರಡು ಪಟ್ಟಾದರೆ ಕಾಲ ಮೂರನೇ ಒಂದಕ್ಕೂ ಕೆಳಗಿಳಿಯಿತು. 4,000 ಕಟ್ಟಿದರೆ ಆರು ತಿಂಗಳು. ಈ ಮೂರು ಲೆಕ್ಕವನ್ನು ನೀವು ಬಿಡಿಸಿ ತೋರಿಸಬೇಡಿ. ಮಕ್ಕಳೇ ಕ್ಯಾಲ್ಕುಲೇಟರ್ ಹಿಡಿದು ತಿಂಗಳು ತಿಂಗಳು ಅಸಲು ಇಳಿಸುತ್ತಾ ಹೋಗಲಿ. ಹತ್ತನೇ ತಿಂಗಳಿಗೆ ಬೇಜಾರಾಗುತ್ತದೆ. ಆ ಬೇಜಾರು ಬರಲಿ ಅಂತಲೇ ಮಾಡಿಸುವುದು.

ಹಂತ 3: ಬಿಲ್ ಓದಿಸಿ

ಒಂದು ಮಾದರಿ ಬಿಲ್ ಮಾಡಿ, ಜೆರಾಕ್ಸ್ ತೆಗೆಸಿ, ಎಲ್ಲರ ಕೈಗೂ ಒಂದೊಂದು ಕೊಡಿ. ನಿಮ್ಮದೇ ಹಳೇ ಬಿಲ್ ಇದ್ದರೆ ಹೆಸರು, ನಂಬರ್ ಮುಚ್ಚಿ ಅದನ್ನೇ ಬಳಸಬಹುದು. ಮೂರು ಕಡೆ ಪೆನ್ನಿನಲ್ಲಿ ಸುತ್ತು ಹಾಕಿಸಿ: ಬಿಲ್ ಆದ ದಿನ, ಕಟ್ಟಬೇಕಾದ ಕೊನೆ ದಿನ, ಮತ್ತು ಟೋಟಲ್ ಅಮೌಂಟ್ ಡ್ಯೂ. ಪಕ್ಕದಲ್ಲೇ ಮಿನಿಮಮ್ ಅಮೌಂಟ್ ಡ್ಯೂ ಅಂತ ಚಿಕ್ಕ ಮೊತ್ತ ಒಂದು ಇರುತ್ತದೆ. ಅದರ ಮೇಲೆ ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆಸಿ. ಕನಿಷ್ಠ ಕಟ್ಟಿದರೆ ತಡದ ದಂಡ ತಪ್ಪುತ್ತದೆ ಅಷ್ಟೇ, ಬಡ್ಡಿ ಓಡುತ್ತಲೇ ಇರುತ್ತದೆ. ಬರೀ ಕನಿಷ್ಠ ಮೊತ್ತ ಕಟ್ಟುತ್ತಾ ಹೋದರೆ ಸಾಲ ತೀರಲು ತಿಂಗಳು, ವರ್ಷಗಳೇ ಹಿಡಿಯುತ್ತವೆ ಅನ್ನುವ ಎಚ್ಚರಿಕೆ ಪ್ರತಿ ಬಿಲ್ಲಿನಲ್ಲೂ ಎದ್ದು ಕಾಣುವಂತೆ ಇರಬೇಕು ಅಂತ ಆರ್‌ಬಿಐ ನಿಯಮವಿದೆ. ಆ ಸಾಲನ್ನು ಮಕ್ಕಳಿಂದಲೇ ಹುಡುಕಿಸಿ, ಜೋರಾಗಿ ಓದಿಸಿ.

ಆಮೇಲೆ ದಿನಗಳ ಲೆಕ್ಕ. ಬಿಲ್ ಪ್ರತಿ ತಿಂಗಳು 5ಕ್ಕೆ ಆಗುತ್ತದೆ, ಕೊನೆ ದಿನ 25 ಅಂದುಕೊಳ್ಳಿ. ಜೂನ್ 4ಕ್ಕೆ ಶೂ ತಗೊಂಡರೆ ಅದು ಮರುದಿನದ ಬಿಲ್ಲಿಗೇ ಬರುತ್ತದೆ, ಕಟ್ಟಲು ಸಿಗುವುದು 21 ದಿನ. ಜೂನ್ 6ಕ್ಕೆ ತಗೊಂಡರೆ ಜುಲೈ 5ರ ಬಿಲ್ಲಿಗೆ ಹೋಗುತ್ತದೆ, ಜುಲೈ 25ರವರೆಗೆ 49 ದಿನ ಸಿಗುತ್ತದೆ. ಜಾಹೀರಾತಿನಲ್ಲಿ "50 ದಿನದವರೆಗೆ ಬಡ್ಡಿ ಇಲ್ಲ" ಅನ್ನುವುದು ಇದೇ. "ವರೆಗೆ" ಅನ್ನುವುದನ್ನು ಮರೆತವರು ಜೂನ್ 4ರ ಶೂಗೂ 50 ದಿನ ಇದೆ ಅಂದುಕೊಂಡು ಕೂರುತ್ತಾರೆ.

ಇನ್ನೊಂದು ಗುಟ್ಟು ಇದೆ, ಬಹಳ ಜನ ದೊಡ್ಡವರಿಗೇ ಗೊತ್ತಿರುವುದಿಲ್ಲ. ಹೋದ ತಿಂಗಳ ಬಿಲ್ಲಿನಲ್ಲಿ ಸ್ವಲ್ಪ ಬಾಕಿ ಉಳಿದರೂ ಸಾಕು, ಈ ಬಡ್ಡಿರಹಿತ ದಿನಗಳ ಸೌಲಭ್ಯವೇ ಹೋಗಿಬಿಡುತ್ತದೆ. ಹೊಸದಾಗಿ ಕೊಂಡದ್ದಕ್ಕೆಲ್ಲ ಕೊಂಡ ದಿನದಿಂದಲೇ ಬಡ್ಡಿ. 12,000 ಬಿಲ್ಲಿಗೆ 11,000 ಕಟ್ಟಿ "ಬರೀ ಒಂದು ಸಾವಿರ ತಾನೇ ಬಾಕಿ" ಅಂದುಕೊಂಡವರಿಗೆ ಮುಂದಿನ ಬಿಲ್ ನೋಡಿದಾಗ ಏನೋ ಮೋಸ ಆಗಿದೆ ಅನ್ನಿಸುವುದು ಇದಕ್ಕೇ. ಪ್ರತಿ ಕಾರ್ಡಿನ ಜೊತೆ ಮುಖ್ಯ ಷರತ್ತುಗಳ ಪುಸ್ತಿಕೆ ಬರುತ್ತದೆ, ಬ್ಯಾಂಕಿನವರು ಎಂಐಟಿಸಿ ಅನ್ನುತ್ತಾರೆ. ಅದರಲ್ಲಿ ಬಡ್ಡಿ ಹಾಕುವ ಲೆಕ್ಕದ ಉದಾಹರಣೆ ಇರುತ್ತದೆ. ಒಂದನ್ನು ಡೌನ್‌ಲೋಡ್ ಮಾಡಿ, ಆ ಉದಾಹರಣೆಯನ್ನು ಕ್ಲಾಸಿನಲ್ಲಿ ಬಿಡಿಸಿ. ಬಿ.ಕಾಂ. ಮಕ್ಕಳಿಗೆ ಪರೀಕ್ಷೆಯ ಲೆಕ್ಕಕ್ಕಿಂತ ಇದು ಜಾಸ್ತಿ ಉಪಯೋಗಕ್ಕೆ ಬರುತ್ತದೆ ಅಂತ ನನ್ನ ಅನಿಸಿಕೆ.

ಹಂತ 4: ಯಾವ ಕಾರ್ಡ್?

18 ತುಂಬಿರಬೇಕು. ಸಂಬಳ ಇಲ್ಲದ ವಿದ್ಯಾರ್ಥಿಗೆ ದಾರಿ ಎರಡು.

ಒಂದು, ಅಪ್ಪನ ಅಥವಾ ಅಮ್ಮನ ಕಾರ್ಡಿನ ಮೇಲೆ ಆಡ್-ಆನ್ ಕಾರ್ಡ್. ಬಿಲ್ ಹೋಗುವುದು ಅವರಿಗೆ, ಕಟ್ಟುವ ಹೊಣೆಯೂ ಅವರದ್ದೇ. ಮಗ ಖರ್ಚು ಮಾಡಿ, ಅಪ್ಪ ಕಟ್ಟಿ, ಮಗ ಬಿಲ್ಲನ್ನೇ ನೋಡದೆ ಹೋದರೆ ಏನು ಕಲಿತ ಹಾಗಾಯಿತು? ಆಡ್-ಆನ್ ಕೊಡಿಸುವುದಾದರೆ ಬಿಲ್ ಬಂದ ದಿನ ಮಗನನ್ನು ಕೂರಿಸಿಕೊಂಡು ಓದಿ.

ಇನ್ನೊಂದು, ಎಫ್‌ಡಿ ಇಟ್ಟು ತಗೊಳ್ಳುವ ಕಾರ್ಡ್. ನನ್ನ ಮತ ಇದಕ್ಕೆ. ಸ್ಕಾಲರ್‌ಶಿಪ್ಪೋ, ಕೊಬ್ಬರಿ ಮಾರಿದ ದುಡ್ಡಲ್ಲಿ ಮನೆಯವರು ಕೊಟ್ಟದ್ದೋ, ಹದಿನೈದು ಇಪ್ಪತ್ತು ಸಾವಿರ ಮಗಳ ಹೆಸರಲ್ಲಿ ಎಫ್‌ಡಿ ಇಟ್ಟರೆ ಅದರ ಆಧಾರದ ಮೇಲೆ ಕಾರ್ಡ್ ಕೊಡುವ ಬ್ಯಾಂಕುಗಳಿವೆ. ಕನಿಷ್ಠ ಎಷ್ಟು ಇಡಬೇಕು, ಮಿತಿ ಎಷ್ಟು ಸಿಗುತ್ತದೆ ಅನ್ನುವುದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಎಫ್‌ಡಿಗೆ ಬಡ್ಡಿ ಬರುತ್ತಲೇ ಇರುತ್ತದೆ, ಆದರೆ ಕಾರ್ಡ್ ಇರುವ ತನಕ ಮುರಿಸುವ ಹಾಗಿಲ್ಲ. ಕಟ್ಟದೆ ಹೋದರೆ ಬ್ಯಾಂಕ್ ಅದರಿಂದಲೇ ಮುರಿದುಕೊಳ್ಳುತ್ತದೆ. ಹಾನಿ ಆದರೂ ಇಟ್ಟ ದುಡ್ಡಿನ ಆಸುಪಾಸಿನಲ್ಲೇ ನಿಲ್ಲುತ್ತದೆ, ಕಾರ್ಡ್ ಅವಳ ಹೆಸರಿನಲ್ಲೇ ಇರುವುದರಿಂದ ಸಿಬಿಲ್ ದಾಖಲೆಯೂ, ಅಂದರೆ ಸಾಲ ಸಮಯಕ್ಕೆ ಕಟ್ಟಿದ ಲೆಕ್ಕವೂ, ಅವಳದ್ದೇ ಶುರುವಾಗುತ್ತದೆ.

ಕ್ಯಾನೊಪಿ ಹಾಕಿಕೊಂಡು ಬ್ಯಾಗು, ಇಯರ್‌ಫೋನ್ ಕೊಡುತ್ತೇವೆ ಅನ್ನುವವರ ಹತ್ತಿರ ಬೇಡ. ಅಮೆರಿಕದಲ್ಲಿ ಕಾಲೇಜು ಆವರಣದಲ್ಲಿ ಹೀಗೆ ಉಡುಗೊರೆ ತೋರಿಸಿ ಕಾರ್ಡ್ ಅಂಟಿಸುವುದು ಎಷ್ಟು ಅತಿಯಾಯಿತೆಂದರೆ 2009ರಲ್ಲಿ ಕಾನೂನು ತಂದು ತಡೆದರು. 21 ತುಂಬದವರಿಗೆ ಸ್ವಂತ ಆದಾಯ ಅಥವಾ ಜೊತೆಗೆ ಸಹಿ ಹಾಕುವವರು ಬೇಕು ಅಂತಲೂ ಮಾಡಿದರು. ನಮ್ಮಲ್ಲಿ ಆರ್‌ಬಿಐ ನಿಯಮದ ಪ್ರಕಾರ ಕೇಳದೆ ಕಾರ್ಡ್ ಕೊಡುವಂತಿಲ್ಲ. ಕೊಟ್ಟು, ಅದಕ್ಕೆ ಬಿಲ್ಲನ್ನೂ ಹಾಕಿದರೆ ಆ ಹಣ ವಾಪಸ್ ಮಾಡಿ, ಅದರ ಎರಡು ಪಟ್ಟು ದಂಡ ಕೊಡಬೇಕು. ಒಪ್ಪಿಗೆ ಇಲ್ಲದೆ ಮಿತಿ ಏರಿಸುವಂತೆಯೂ ಇಲ್ಲ.

ಕ್ಲಾಸಿನಲ್ಲಿ ಇದನ್ನು ನಾಟಕ ಮಾಡಿಸಿ. ಒಬ್ಬಳು ಏಜೆಂಟ್, ಇನ್ನೊಬ್ಬ ಗಿರಾಕಿ.

"ಸರ್, ಲೈಫ್‌ಟೈಮ್ ಫ್ರೀ ಸರ್!"

"ವರ್ಷದ ಫೀ ಯಾವತ್ತೂ ಇಲ್ಲ ಅಂತ ಪೇಪರಲ್ಲಿ ತೋರಿಸಿ ಮೇಡಂ. ಬಡ್ಡಿ ತಿಂಗಳಿಗೆ ಎಷ್ಟು? ತಡ ಆದರೆ ದಂಡ ಎಷ್ಟು?"

ಮೂರೇ ಪ್ರಶ್ನೆ. ಉತ್ತರ ಬರೆದು ಕೊಡದವರ ಹತ್ತಿರ ಸಹಿ ಹಾಕಬಾರದು.

ಹಂತ 5: ಮೊದಲ ಕೆಲವು ತಿಂಗಳು ಒಂದೇ ಖರ್ಚು

ಕಾರ್ಡ್ ಬಂದ ದಿನ ಆ್ಯಪ್ ತೆಗೆದು ಕೂರಿಸಿ. 2020ರ ಅಕ್ಟೋಬರ್‌ನಿಂದ ಇರುವ ನಿಯಮದ ಪ್ರಕಾರ ಆನ್‌ಲೈನ್, ಟ್ಯಾಪ್ ಮಾಡಿ ಕೊಡುವುದು, ವಿದೇಶಿ ವ್ಯವಹಾರ, ಇವೆಲ್ಲ ಹೊಸ ಕಾರ್ಡಿನಲ್ಲಿ ಆಫ್ ಇರುತ್ತವೆ. ನಾವೇ ಆನ್ ಮಾಡಬೇಕು. ಬೇಕಾದದ್ದನ್ನಷ್ಟೇ ಆನ್ ಮಾಡಿಸಿ. ಟ್ಯಾಪ್‌ಗೆ 5,000ದವರೆಗೆ ಪಿನ್ ಕೇಳುವುದಿಲ್ಲ, ಹಾಸ್ಟೆಲಿನಲ್ಲಿ ಪರ್ಸ್ ಎಲ್ಲೆಂದರಲ್ಲಿ ಬಿದ್ದಿರುವ ಹುಡುಗರಿಗೆ ಅದು ಬೇಡವೇ ಬೇಡ. ದಿನದ ಮಿತಿಯನ್ನೂ ಇಳಿಸಿ.

ಆಮೇಲೆ ಒಂದೇ ಒಂದು ಖರ್ಚನ್ನು ಕಾರ್ಡಿಗೆ ಕಟ್ಟಿಹಾಕಿ. ಮೊಬೈಲ್ ರೀಚಾರ್ಜ್ ಆಗಬಹುದು, ಬೆಂಗಳೂರಿಗೆ ದಿನಾ ಹೋಗಿ ಬರುವವರಾದರೆ ರೈಲಿನ ತಿಂಗಳ ಪಾಸ್ ಆಗಬಹುದು. ಕಾರ್ಡ್ ಇಲ್ಲದಿದ್ದರೂ ಆಗುತ್ತಿದ್ದ ಖರ್ಚೇ ಇರಬೇಕು. ಬಿಲ್ ಬರಲಿ, ಓದಲಿ, ಪೂರ್ತಿ ಕಟ್ಟಲಿ.

ಆಟೋಪೇ ಹಾಕುವಾಗ ಒಂದು ಬಲೆ ಇದೆ. "ಮಿನಿಮಮ್" ಅಥವಾ "ಟೋಟಲ್", ಯಾವುದನ್ನು ಕತ್ತರಿಸಲಿ ಅಂತ ಕೇಳುತ್ತದೆ. ಮಿನಿಮಮ್ ಒತ್ತಿ "ಆಟೋಪೇ ಇದೆಯಲ್ಲ" ಅಂತ ನೆಮ್ಮದಿಯಾಗಿ ಇರುವವರು ಬೇಕಾದಷ್ಟು ಜನ. ಟೋಟಲ್ ಒತ್ತಿಸಿ, ಕಣ್ಣಾರೆ ನೋಡಿ. ಖಾತೆಯಲ್ಲಿ ದುಡ್ಡು ಇರಬೇಕು ಅನ್ನುವುದನ್ನೂ ಹೇಳಿ, ಇಲ್ಲದಿದ್ದರೆ ಆಟೋಪೇ ಬೌನ್ಸ್ ಆಗಿ ಅದಕ್ಕೆ ಬೇರೆ ದಂಡ. ಕೊನೆ ದಿನ ದಾಟಿ ಮೂರು ದಿನ ಆಗುವ ತನಕ ದಂಡ ಹಾಕುವಂತಿಲ್ಲ, ಸಿಬಿಲ್‌ಗೆ ವರದಿ ಮಾಡುವಂತಿಲ್ಲ ಅನ್ನುವ ನಿಯಮವೂ ಇದೆ. ಮಕ್ಕಳಿಗೆ ಇದನ್ನು ಮೊದಲ ದಿನವೇ ಹೇಳಬೇಡಿ. ಅವರ ತಲೆಯಲ್ಲಿ 25 ಹೋಗಿ 28 ಕೂತುಬಿಡುತ್ತದೆ! ಮನೆಯಲ್ಲಿ ಅಮ್ಮ ಸಂಘದ ಕಂತನ್ನು ಹೇಗೆ ಕಟ್ಟುತ್ತಾರೆ ಅಂತ ಕೇಳಿ ನೋಡಿ. ವಾರದ ಆ ದಿನಕ್ಕೆ ದುಡ್ಡು ಮೊದಲೇ ಎತ್ತಿಟ್ಟಿರುತ್ತಾರೆ. ಅಂಥ ಮನೆಯ ಮಕ್ಕಳಿಗೆ ಕೊನೆ ದಿನದ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾ?

ಹಂತ 6: ಯುಪಿಐಗೆ ಜೋಡಿಸಿದ ಕಾರ್ಡ್ ಬಗ್ಗೆ ಹೆಚ್ಚು ಹುಷಾರು

2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಅಂಗಡಿಯ ಕ್ಯೂಆರ್ ಸ್ಕ್ಯಾನ್ ಮಾಡಿದರೆ ದುಡ್ಡು ಸಾಲದ ಲೆಕ್ಕದಿಂದ ಹೋಗುತ್ತದೆ. ಗೆಳೆಯನಿಗೆ ಕಳಿಸಲು ಆಗುವುದಿಲ್ಲ, ವ್ಯಾಪಾರಿಗಳ ಕ್ಯೂಆರ್‌ಗೆ ಮಾತ್ರ. ಅನುಕೂಲ ನಿಜ. ಆದರೆ ಖಾತೆಯ ದುಡ್ಡೂ ಕಾರ್ಡಿನ ದುಡ್ಡೂ ಒಂದೇ ಪರದೆಯಲ್ಲಿ, ಒಂದೇ ಥರ ಪಿನ್ ಹೊಡೆದು ಹೋಗುತ್ತದೆ. ಖಾತೆ ಖಾಲಿಯಾದರೆ ಮೊದಲೆಲ್ಲ ಕೈ ತಾನಾಗಿ ನಿಲ್ಲುತ್ತಿತ್ತು, ಈಗ ನಿಲ್ಲುವುದಿಲ್ಲ. ಕಾಫಿ, ಪಾನಿಪುರಿ, ಆಟೋ, ಪ್ರಿಂಟ್‌ಔಟ್, ಎಲ್ಲ ಇಪ್ಪತ್ತು ಮೂವತ್ತು ರೂಪಾಯಿಯವೇ, ಯಾವುದೂ ಸಾಲ ಅನ್ನಿಸುವುದೇ ಇಲ್ಲ, ತಿಂಗಳ ಕೊನೆಗೆ ನೋಡಿದರೆ ಬಿಲ್ ನಾಲ್ಕು ಪುಟ. ಮೊದಲ ವರ್ಷ ಜೋಡಿಸುವುದೇ ಬೇಡ ಅಂತ ನಾನು ಹೇಳುತ್ತೇನೆ. ಜೋಡಿಸಲೇಬೇಕಿದ್ದರೆ ಕಾರ್ಡಿಗೆ ಬೇರೆ ಆ್ಯಪ್, ಖಾತೆಗೆ ಬೇರೆ ಆ್ಯಪ್ ಇರಲಿ.

ಹಂತ 7: ಮಾಡಬಾರದ್ದು

ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ನಗದು ತೆಗೆಯಬಾರದು. ತೆಗೆದ ದಿನದಿಂದಲೇ ಬಡ್ಡಿ, ಜೊತೆಗೆ ಪ್ರತಿ ಸಲ ಫೀ.

"ನೋ ಕಾಸ್ಟ್ ಇಎಂಐ" ಅಂದರೆ ಪೂರ್ತಿ ಪುಕ್ಕಟೆ ಅಲ್ಲ. ಬಡ್ಡಿಯಷ್ಟು ರಿಯಾಯಿತಿ ಕೊಟ್ಟರೂ ಆ ಬಡ್ಡಿಯ ಮೇಲಿನ ಜಿಎಸ್‌ಟಿ, ಕೆಲವು ಸಲ ಪ್ರೊಸೆಸಿಂಗ್ ಫೀ ನಮ್ಮ ತಲೆಗೇ.

ಇವೆರಡಕ್ಕಿಂತ ಕಷ್ಟದ್ದು ಗೆಳೆಯರದ್ದು. "ಮಚ್ಚಾ, ಸೇಲ್‌ನಲ್ಲಿ ನಿನ್ನ ಕಾರ್ಡಿಗೆ ಹತ್ತು ಪರ್ಸೆಂಟ್ ಆಫ್ ಇದೆ, ಫೋನ್ ಬುಕ್ ಮಾಡು, ತಿಂಗಳಾ ತಿಂಗಳಾ ಕೊಡ್ತೀನಿ." ಇಲ್ಲ ಅಂದರೆ ಸ್ನೇಹ ಕೆಡುತ್ತದೆ, ಹೂಂ ಅಂದರೆ ಸಾಲ ಇವನದು. ಹೇಳಬೇಕಾದ ಉತ್ತರವನ್ನು ಬಾಯಿಪಾಠ ಮಾಡಿಸಿ: "ಬುಕ್ ಮಾಡ್ತೀನಿ, ಮೊದಲು ಪೂರ್ತಿ ದುಡ್ಡು ಫೋನ್‌ಪೇ ಮಾಡು." ದುಡ್ಡು ಇದ್ದವನು ಮಾಡುತ್ತಾನೆ. ಇಲ್ಲದವನು ಬೇರೆ ಯಾರನ್ನೋ ಕೇಳುತ್ತಾನೆ.

ಹಂತ 8: ಸಿಬಿಲ್ ಅಂದರೇನು

300ರಿಂದ 900ರ ಒಳಗಿನ ಒಂದು ಅಂಕ. ಮುಂದೆ ಬೈಕ್ ಲೋನ್, ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಮೊದಲು ನೋಡುವುದು ಇದನ್ನೇ. ಸಮಯಕ್ಕೆ ಕಟ್ಟಿದರೆ ಏರುತ್ತದೆ, ತಪ್ಪಿಸಿದರೆ ಇಳಿಯುತ್ತದೆ. ಮಿತಿಯ 30 ಪರ್ಸೆಂಟ್ ಒಳಗೆ ಬಳಸಿದರೆ ಒಳ್ಳೆಯದು ಅನ್ನುವುದು ರೂಢಿ, 20,000 ಮಿತಿ ಇದ್ದರೆ ಆರು ಸಾವಿರದ ಒಳಗೆ. ನಮ್ಮಷ್ಟಕ್ಕೆ ನಾವು ಸ್ಕೋರ್ ನೋಡಿದರೆ ಅದು ಇಳಿಯುವುದಿಲ್ಲ. ಸುಮ್ನೆ ಹತ್ತು ಕಡೆ ಕಾರ್ಡಿಗೆ ಅರ್ಜಿ ಹಾಕಿದರೆ ಪೆಟ್ಟು ಬೀಳುತ್ತದೆ. ಇಂಥ ದಾಖಲೆ ಇಡುವ ಸಂಸ್ಥೆ ನಾಲ್ಕು, ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ವರ್ಷಕ್ಕೊಮ್ಮೆ ಪ್ರತಿಯೊಂದರಿಂದಲೂ ಪೂರ್ತಿ ವರದಿ ಉಚಿತವಾಗಿ ಸಿಗುತ್ತದೆ, ದುಡ್ಡು ಕೊಡಬೇಡಿ. ಎಜುಕೇಶನ್ ಲೋನ್ ಇದ್ದರೆ ಅದೂ ಆ ವರದಿಯಲ್ಲಿ ಕಾಣುತ್ತದೆ.

ಹಂತ 9: ಮೋಸದ ಫೋನ್ ಬಂದರೆ

"ಮಿತಿ ಜಾಸ್ತಿ ಮಾಡ್ತೀವಿ", "ಪಾಯಿಂಟ್ಸ್ ಇವತ್ತೇ ಮುಗಿಯುತ್ತೆ", "ಈ ಫೈಲ್ ಇನ್‌ಸ್ಟಾಲ್ ಮಾಡಿ". ಬರುವ ಕರೆಗಳು ಹೀಗೇ. ಒಟಿಪಿ ಯಾರಿಗೂ ಇಲ್ಲ, ವಾಟ್ಸಾಪಿನಲ್ಲಿ ಬಂದ ಎಪಿಕೆ ಫೈಲ್ ಒತ್ತುವುದಿಲ್ಲ. ಆದರೂ ದುಡ್ಡು ಹೋಯಿತು ಅಂದುಕೊಳ್ಳಿ. ಆಗ ಮಕ್ಕಳು ಮಾಡುವ ಮೊದಲ ಕೆಲಸ ಮುಚ್ಚಿಡುವುದು, ಅಪ್ಪ ಬೈಯುತ್ತಾರೆ ಅಂತ. ಅದಕ್ಕೇ ಕ್ರಮವನ್ನು ಮೊದಲೇ ಹೇಳಿಡಿ: ಆ್ಯಪ್‌ನಲ್ಲಿ ಕಾರ್ಡ್ ಬ್ಲಾಕ್, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್, ಬ್ಯಾಂಕಿಗೆ ದೂರು ಕೊಟ್ಟು ದೂರಿನ ನಂಬರ್. 2017ರಿಂದ ಇರುವ ಆರ್‌ಬಿಐ ನಿಯಮದ ಪ್ರಕಾರ ನಮ್ಮ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಹೊರಗಿನವರ ಕೈವಾಡದಿಂದ ಹಣ ಹೋಗಿದ್ದರೆ, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ಹೊಣೆ ಇಲ್ಲ. ನಾವೇ ಒಟಿಪಿ ಕೊಟ್ಟಿದ್ದರೆ ಮಾತ್ರ ದೂರು ಕೊಡುವ ತನಕದ ನಷ್ಟ ನಮ್ಮದೇ. ಆಗಲೂ ಎಷ್ಟು ಬೇಗ ಹೇಳಿದರೆ ಅಷ್ಟು ಒಳ್ಳೆಯದು.

ಹಂತ 10: ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ

ಕ್ಲಾಸು ಮುಗಿದ ಮೇಲೆ ಒಬ್ಬರಾದರೂ ಹಿಂದೆ ಉಳಿಯುತ್ತಾರೆ. "ಸರ್, ನಮ್ಮ ಅಣ್ಣಂದು..." ಅಂತ ಶುರು ಮಾಡುತ್ತಾರೆ. ಅಣ್ಣನದೋ ತನ್ನದೋ ಕೆದಕಬೇಡಿ.

ಮೊದಲು ಆ ಕಾರ್ಡಿನಲ್ಲಿ ಹೊಸ ಖರ್ಚು ನಿಲ್ಲಿಸಲಿ. ಒಂದು ಕಾರ್ಡಿನಿಂದ ಎತ್ತಿ ಇನ್ನೊಂದಕ್ಕೆ ಕಟ್ಟುವುದನ್ನು, ಸಾಲದ ಆ್ಯಪ್‌ಗಳಿಂದ ತಂದು ಕಟ್ಟುವುದನ್ನು ಬಿಡಲಿ. ಬ್ಯಾಂಕಿಗೆ ಫೋನ್ ಮಾಡಿ ಬಾಕಿಯನ್ನು ಇಎಂಐಗೆ ಬದಲಿಸಿಕೊಡಿ ಅಂತ ಕೇಳಲಿ, ಅದರ ಬಡ್ಡಿ ಸಾಮಾನ್ಯವಾಗಿ ಕಾರ್ಡಿನ ಬಡ್ಡಿಗಿಂತ ಕಡಿಮೆ ಇರುತ್ತದೆ. ಮನೆಯಲ್ಲಿ ಹೇಳಲಿ, ಬ್ಯಾಂಕಿನ ಚಿನ್ನದ ಸಾಲ ಮಾಡಿ ಇದನ್ನು ತೀರಿಸುವುದೂ ಎಷ್ಟೋ ವಾಸಿ. "ಸ್ವಲ್ಪ ಕಟ್ಟಿ, ಸೆಟಲ್‌ಮೆಂಟ್ ಮಾಡಿಬಿಡೋಣ" ಅನ್ನುವ ಮಾತಿಗೆ ಒಪ್ಪುವ ಮುಂಚೆ, ಸಿಬಿಲ್ ವರದಿಯಲ್ಲಿ ಅದು "ಸೆಟಲ್ಡ್" ಅಂತಲೇ ಕಾಣುತ್ತದೆ, ಪೂರ್ತಿ ತೀರಿಸಿದ ಹಾಗಲ್ಲ ಅನ್ನುವುದು ಗೊತ್ತಿರಲಿ. ವಸೂಲಿಯವರು ಬೆಳಿಗ್ಗೆ 8ಕ್ಕಿಂತ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡುವಂತಿಲ್ಲ, ಬೆದರಿಸುವಂತೆಯೂ ಇಲ್ಲ. ಬ್ಯಾಂಕಿಗೆ ದೂರು ಕೊಟ್ಟು 30 ದಿನವಾದರೂ ಸರಿಯಾದ ಉತ್ತರ ಬರದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಅದರ ಸಿಎಂಎಸ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು, ಖರ್ಚಿಲ್ಲ. ಅದರ ವಿಚಾರ ಕೇಳಲು 14448.

ಕಾರ್ಡೇ ಬೇಡ ಅನ್ನಿಸಿದರೆ ಕತ್ತರಿಸಿ ಬಿಸಾಕಿದರೆ ಮುಗಿಯುವುದಿಲ್ಲ, ವರ್ಷದ ಫೀ ಬರುತ್ತಲೇ ಇರುತ್ತದೆ. ಬಾಕಿ ಪೂರ್ತಿ ಕಟ್ಟಿ, ಓಟಿಟಿ, ರೀಚಾರ್ಜ್ ಇಂಥವು ಆ ಕಾರ್ಡಿಗೆ ಜೋಡಿಸಿದ್ದರೆ ಬಿಡಿಸಿ, ಬರವಣಿಗೆಯಲ್ಲಿ ಮುಚ್ಚಲು ಕೇಳಬೇಕು. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನದೊಳಗೆ ಬ್ಯಾಂಕ್ ಮುಚ್ಚಬೇಕು, ತಡ ಮಾಡಿದರೆ ದಿನಕ್ಕೆ 500 ರೂಪಾಯಿ ನಮಗೆ ಕೊಡಬೇಕು. ಎಫ್‌ಡಿ ಮೇಲಿನ ಕಾರ್ಡಾದರೆ ಆ ಎಫ್‌ಡಿಗೆ ಹಾಕಿದ್ದ ತಡೆ ತೆಗೆದಿದ್ದಾರಾ ಅಂತ ಶಾಖೆಗೆ ಹೋಗಿ ಕೇಳಿ, ಬಾಕಿ ಇಲ್ಲ ಅನ್ನುವ ಪತ್ರವನ್ನೂ ಅಲ್ಲೇ ಬರೆಸಿಕೊಳ್ಳಿ.